ರೇಡಿಯೋ ಮುಖದ ಮೂರು ಗೆರೆ

ಊಟಿಯ ಕೆಳಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಭೋಜನ್‌ಗೆ ಒಂದು ಅಭ್ಯಾಸವಿತ್ತು. ಯಾರು ಎಂಥ ಪೆಟ್ಟಿಗೆ ಹೊತ್ತು ತಂದರೂ ಏನು ಕೆಟ್ಟಿದೆ ಎಂದು ಮೊದಲು ಕೇಳುತ್ತಿರಲಿಲ್ಲ. “ಇದರಲ್ಲಿ ನಾನು ಮುಟ್ಟಬಾರದ್ದು ಏನಿದೆ, ಅದನ್ನ ಮೊದಲು ತೋರಿಸಿ” ಎನ್ನುತ್ತಿದ್ದ. ಬಂದವರು ತಬ್ಬಿಬ್ಬಾಗುತ್ತಿದ್ದರು. ರಿಪೇರಿಗೆ ತಂದದ್ದರಲ್ಲಿ ಮುಟ್ಟಬಾರದ್ದು ಏನಿರುತ್ತದೆ ಸ್ವಾಮಿ? ವಯಸ್ಸಾಯಿತು, ತಲೆಯ ಸ್ಕ್ರೂ ಒಂದು ಸುತ್ತು ಸಡಿಲವಾಗಿದೆ ಎಂದು ಪಕ್ಕದ ಅಂಗಡಿಯವರು ನಗುತ್ತಿದ್ದರು. ನಗಲಿ ಬಿಡಿ. ಸಾವಿರದ ಒಂಬೈನೂರ ಅರವತ್ತಾರರ ಮಾರ್ಚ್ ತಿಂಗಳ ಒಂದು ಬುಧವಾರ ಅವನ ಮೇಲೆ ಏನು ಹಾದುಹೋಯಿತೆಂದು ಅವರಿಗೇನು ಗೊತ್ತು?

ಅದಕ್ಕೆ ಮುಂಚಿನ ಭೋಜನ್ ಬೇರೆಯೇ ಮನುಷ್ಯ. ಕೋತಗಿರಿ ಕಡೆಯ ಒಂದು ಹಟ್ಟಿಯಲ್ಲಿ, ನೀಲಗಿರಿಯ ಬಡಗರ ಮನೆಯಲ್ಲಿ ಹುಟ್ಟಿದವನು. ವೆಲ್ಲಿಂಗ್ಟನ್ನಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ವೈರ್‌ಲೆಸ್ ಸೆಟ್ಟುಗಳ ಧೂಳು ಒರೆಸುತ್ತ ಒರೆಸುತ್ತಲೇ ಕೆಲಸ ಕದ್ದು ಕಲಿತ. ವಾಲ್ವ್ ಬದಲಾಯಿಸುವವರು ಊಟಿಯಲ್ಲಿ ಇನ್ನೂ ಮೂವರಿದ್ದರು. ಆದರೆ ರೇಡಿಯೋದ ಮುಖ ರಿಪೇರಿ ಮಾಡುವವನು ಇವನೊಬ್ಬನೇ. ಮುಖವೆಂದರೆ ಸ್ಟೇಷನ್ನಿನ ಹೆಸರು ಬರೆದ ಗಾಜಿನ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು, ಮುಂದಿನ ಜಾಲರಿ, ತಿರುಗಿಸುವ ಗುಂಡಿಗಳು. ಬಿಸಿಲಿಗೂ ಒಲೆಯ ಹೊಗೆಗೂ ಇವು ಹಳದಿಯಾಗುತ್ತವೆ, ಸೀಳುತ್ತವೆ, ಮೂಲೆ ಮುರಿದುಕೊಳ್ಳುತ್ತವೆ. ಕಂಪನಿಗೆ ಕಾಗದ ಬರೆದರೆ ಆ ಮಾಡೆಲ್ ನಿಂತುಹೋಯಿತೆಂದು ಉತ್ತರ ಬರುತ್ತದೆ, ಅದೂ ಬಂದರೆ. ಭೋಜನ್ ಸತ್ತ ರೇಡಿಯೋಗಳ ಚೂರುಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಗಳಲ್ಲಿ ಬಣ್ಣ ನೋಡಿ ಕೂಡಿಟ್ಟಿದ್ದ. ಅದೇ ಬಣ್ಣದ ಚೂರನ್ನು ಹೆರೆದು, ಕರಗಿಸಿ, ಮೆತ್ತಿ, ಉಜ್ಜಿ ಕೊಟ್ಟರೆ ಎಲ್ಲಿ ಮುರಿದಿತ್ತೆಂದು ಯಜಮಾನನಿಗೇ ಗೊತ್ತಾಗುತ್ತಿರಲಿಲ್ಲ. ಭೋಜನ್ ಕೈಗೆ ಸಿಕ್ಕರೆ ಮುದುಕಿಯೂ ಮದುಮಗಳಾಗುತ್ತಾಳೆ ಎಂದು ಪೇಟೆಯಲ್ಲಿ ಮಾತಿತ್ತು. ಆ ಮಾತು ಅವನ ಕಿವಿಗೆ ಬೀಳದೆ ಇರಲಿಲ್ಲ.

ಅವನಿಗೆ ಇನ್ನೊಂದು ಚಾಳಿಯಿತ್ತು, ಬಂದವರಿಗೆಲ್ಲ ಬುದ್ಧಿ ಹೇಳುವುದು. ವಾರಕ್ಕೊಮ್ಮೆ ಬಟ್ಟೆಗೆ ಎರಡು ಹನಿ ನೀಲಗಿರಿ ತೈಲ ಹಾಕಿ ರೇಡಿಯೋ ಒರೆಸಿ, ಹೊಳಪೂ ಬರುತ್ತದೆ, ಜಿರಳೆಯೂ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಿದ್ದ. ಬೆಟ್ಟದವರಿಗೆ ಇದು ಕಿವಿಗೆ ಇಂಪಾದ ಮಾತು. ನೆಗಡಿಗೆ ತೈಲ, ಮಂಡಿನೋವಿಗೆ ತೈಲ, ಕಂಬಳಿಯ ಕಲೆಗೆ ತೈಲ, ರೇಡಿಯೋಗೂ ತೈಲ. ಹಳೆಯ ಕಪ್ಪು ಬೇಕಲೈಟ್ ಪೆಟ್ಟಿಗೆಗಳ ಕಾಲದಲ್ಲಿ ಅದು ಸರಿಯೇ ಇತ್ತು. ಆಮೇಲೆ ದಂತದ ಬಣ್ಣದ ಹೊಸ ಪ್ಲಾಸ್ಟಿಕ್ ಬಂತು. ತೈಲ ತಾಗಿದರೆ ಅದು ಮೇಣದ ಹಾಗೆ ಮೆತ್ತಗಾಗುತ್ತದೆ ಎಂಬುದನ್ನು ಭೋಜನ್ ಒಂದು ದಿನ ಕಂಡುಕೊಂಡ. ಕಂಡುಕೊಂಡು ಏನು ಮಾಡಿದ? ಸುಮ್ಮನಾದ. ಅದೇ ತೈಲದಿಂದ ಸಣ್ಣ ಸೀಳುಗಳನ್ನು ಬೆಸೆಯಲು ಕಲಿತು, ಅದನ್ನು ಕಸುಬಿನ ಗುಟ್ಟು ಮಾಡಿಕೊಂಡ. ಹೆಂಡತಿ ಇದ್ದಿದ್ದರೆ ಅವಳಿಗೂ ಹೇಳುತ್ತಿರಲಿಲ್ಲ. ಅಂಗಡಿಯಲ್ಲೇ ಆಡಿ ಬೆಳೆದ ಒಬ್ಬಳೇ ಮಗಳು ವಸಂತಾಮಣಿಗೂ ಹೇಳಲಿಲ್ಲ.

ಆ ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ವಸಂತಾಮಣಿ ಅಂಗಡಿಯ ಮೆಟ್ಟಿಲು ಹತ್ತಿದಳು. ಏಳು ತಿಂಗಳ ಬಸುರಿ. ಗಂಡನ ಊರು ಇತ್ತಲಾರಿನಿಂದ ತಿರುವುಗಳ ದಾರಿಯಲ್ಲಿ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು, ಮಡಿಲಲ್ಲಿ ಬಿಳಿ ದುಪ್ಪಟಿಯಲ್ಲಿ ಸುತ್ತಿದ ದೊಡ್ಡ ಗಂಟು ಇಟ್ಟುಕೊಂಡು. ಹೇಳದೆ ಕೇಳದೆ ಮಗಳು ಗಂಟು ಹೊತ್ತು ತೌರಿಗೆ ಬಂದಳೆಂದರೆ ಯಾವ ಅಪ್ಪನಿಗೆ ಒಳ್ಳೆಯ ಯೋಚನೆ ಬಂದೀತು? ಅದೂ ಈ ವಾರ. ಬರುವ ಸೋಮವಾರ ಇತ್ತಲಾರಿನಲ್ಲಿ ಅವಳಿಗೆ ಕಣ್ಣಿ ಹಾಕುವ ಶಾಸ್ತ್ರ ಗೊತ್ತಾಗಿತ್ತು.

ಬಡಗರ ಹಳೆಯ ಪದ್ಧತಿಯಲ್ಲಿ ಮದುವೆಯ ಗಂಟು ಮದುವೆಯ ದಿನವೇ ಬಿಗಿಯುವುದಿಲ್ಲ. ಹೆಣ್ಣು ಮೊದಲ ಬಸಿರಿನಲ್ಲಿ ಇರುವಾಗ ಗಂಡ ಎಲ್ಲರೆದುರು ಮಾವನನ್ನು ಕೇಳಬೇಕು, ನಿನ್ನ ಮಗಳ ಕೊರಳಿಗೆ ಕಣ್ಣಿ ಹಾಕಲೇ ಎಂದು. ಹಾಕು ಎಂದು ಮಾವ ಹೇಳಬೇಕು. ಆ ನೂಲಿನ ದಾರ ಕೊರಳಿಗೆ ಬಿದ್ದ ಮೇಲೆಯೇ ಆಕೆ ಆ ಮನೆಯವಳು. ಅಲ್ಲಿಯತನಕ ಯಾವ ಕಡೆಯವರಾದರೂ ಸಾಕು ಎಂದರೆ ಸಾಕು, ಸಂಬಂಧ ಮುರಿದ ಹಾಗೆ. ಈಚೆಗೆ ಹಾಗೆ ಯಾರೂ ಮಾಡುವುದಿಲ್ಲ ಎಂದು ಬಾಯಲ್ಲಿ ಹೇಳುತ್ತಾರೆ. ಮನಸ್ಸಿನಲ್ಲಿ ಎಲ್ಲರಿಗೂ ಭಯವಿರುತ್ತದೆ.

ವಸಂತಾಮಣಿ ಗಂಟು ಬಿಚ್ಚಿದಳು. ಒಳಗಿದ್ದದ್ದು ಅವಳ ಮಾವನ, ಎಂದರೆ ಅರಿ ಎಂಬ ಮುದುಕನ, ರೇಡಿಯೋ. ತೈಲದ ವಾಸನೆ ಗಪ್ಪನೆ ಹೊಡೆಯಿತು. ದಂತದ ಬಣ್ಣದ ಚೌಕಟ್ಟಿನ ಕೆಳಗಿನ ಅಂಚು ಪೂರ್ತಿ ಕೆನೆಗಟ್ಟಿದ ಹಾಗಾಗಿ, ಸಣ್ಣ ಸಣ್ಣ ಬಿರುಕು ಬಿಟ್ಟು, ಒರೆಸಿದ ಬಟ್ಟೆಯ ಎಳೆಗಳು ಅದಕ್ಕೇ ಅಂಟಿಕೊಂಡಿದ್ದವು. ನಡುವೆ ನಾಲ್ಕು ಬೆರಳು ಒತ್ತಿ ಕುಳಿತ ಗುಳಿಗಳು. ಬಲಗಡೆಯ ಮೂಲೆಯೊಂದು ಮುರಿದು ಚೂರು ಕಾಣೆಯಾಗಿತ್ತು.

“ನೀನು ಒರೆಸುತ್ತಿದ್ದ ಹಾಗೇ ಒರೆಸಿದೆ ಅಪ್ಪಾ” ಎಂದಳು.

ಅಷ್ಟೇ ಸಾಕಾಯಿತು. ಯಾರೂ ಅವನನ್ನು ಕಳ್ಳ ಎಂದಿರಲಿಲ್ಲ, ಭೋಜನ್ ತನ್ನ ಹೆಗಲು ತಾನೇ ಮುಟ್ಟಿ ನೋಡಿಕೊಂಡ.

ಉಳಿದದ್ದನ್ನು ಅವಳು ಅಳುತ್ತ ಅಳುತ್ತ ಹೇಳಿದಳು. ಮಾತಿ ಎಂಬ ಹೆಸರಿನ ಅತ್ತೆ ಸೋಮವಾರಕ್ಕೆ ನೆಂಟರನ್ನು ಕರೆಯಲು ತನ್ನ ತವರು ಹಟ್ಟಿಗೆ ಹೋಗಿದ್ದಾಳೆ. ಮಾವ ನಿನ್ನೆ ಆಲೂಗಡ್ಡೆ ಲಾರಿಯ ಜೊತೆ ಮೇಟ್ಟುಪಾಳ್ಯಂ ಮಂಡಿಗೆ ಹೋದವನು ಇಂದು ಸಂಜೆ ಬರುತ್ತಾನೆ. ಮನೆ ಖಾಲಿ ಇದ್ದಾಗ ಎಲ್ಲವನ್ನೂ ಹೊಳೆಯಿಸಿಡೋಣ, ಪೇಟೆಯ ಹೆಣ್ಣಿಗೆ ಮನೆಗೆಲಸ ಬರುವುದಿಲ್ಲ ಎನ್ನುವ ಅತ್ತೆಯ ಬಾಯಿ ಮುಚ್ಚಿಸೋಣ ಎಂದು ಹೊರಟಳು. ಎರಡು ಹನಿಗೆ ಬದಲು ಅರ್ಧ ಸೀಸೆ ಸುರಿದಳು. ಒಲೆಯ ಮೇಲಿನ ಹಾಲು ಉಕ್ಕಿತೆಂದು ಓಡಿದಳು. ತಿರುಗಿ ಬಂದು ಒತ್ತಿ ಒರೆಸಿದಾಗ ಬೆರಳುಗಳು ಒಳಗೆ ಇಳಿದವು. ಕಳಚಿ ತೊಳೆಯೋಣವೆಂದು ಎಳೆದರೆ ಮೂಲೆ ಮುರಿಯಿತು. ಟೀ ಎಲೆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿರುವ ಗಂಡ ರಾಜೇಂದ್ರನ್ ನೋಡಿ ಬಿಳಿಚಿಕೊಂಡು, ಅಪ್ಪ ಬರುವುದರೊಳಗೆ ಸರಿ ಮಾಡಿಸು ಎಂದು ಅವಳನ್ನು ಬಸ್ಸು ಹತ್ತಿಸಿದ.

ಒಂದು ರೇಡಿಯೋಗೆ ಇಷ್ಟೊಂದು ರಾದ್ಧಾಂತವೇ ಎನ್ನಬೇಡಿ. ಅದು ಬರೀ ರೇಡಿಯೋ ಅಲ್ಲ. ಅರಿಯ ಹಿರಿಯ ಮಗ ನಂಜುಂಡನ್ ಸೇನೆಗೆ ಸೇರಿ, ಕೂಡಿಟ್ಟ ಸಂಬಳದಲ್ಲಿ ಅಪ್ಪನಿಗೆಂದು ತಂದುಕೊಟ್ಟದ್ದು. ಅರಿಗೆ ಅಕ್ಷರ ಬಾರದು. ಗಾಜಿನ ಮೇಲೆ ಬರೆದ ಸ್ಟೇಷನ್ನಿನ ಹೆಸರುಗಳನ್ನು ಅವನು ಹೇಗೆ ಓದಬೇಕು? ಅದಕ್ಕೆ ಮಗ ರಜೆ ಮುಗಿಸಿ ಹೊರಡುವ ಹಿಂದಿನ ದಿನ ಚೌಕಟ್ಟಿನ ಕೆಳಗಿನ ಅಂಚಿನಲ್ಲಿ ಸೂಜಿಯಿಂದ ಮೂರು ಗೆರೆ ಕೊರೆದುಕೊಟ್ಟ. ಮೊದಲನೆಯದು ತಿರುಚ್ಚಿ, ಎರಡನೆಯದು ಮದ್ರಾಸು, ಮೂರನೆಯದು ಬೆಂಗಳೂರು. ಗಾಜಿನೊಳಗಿನ ಮುಳ್ಳನ್ನು ಗೆರೆಯ ನೇರಕ್ಕೆ ತಂದರೆ ಸ್ಟೇಷನ್ ಸಿಗುತ್ತದೆ. ಅರವತ್ತೆರಡರಲ್ಲಿ ನಂಜುಂಡನ್ ಉತ್ತರದ ಹಿಮದಲ್ಲಿ ಸತ್ತ. ದೇಹವೂ ಊರಿಗೆ ಬರಲಿಲ್ಲ. ಆವತ್ತಿನಿಂದ ಸಂಜೆ ಏಳೂಕಾಲಿಗೆ ಅರಿ ಆ ಪೆಟ್ಟಿಗೆಯ ಮುಂದೆ ಕೂತು, ಹೆಬ್ಬೆರಳಿನಿಂದ ಗೆರೆ ಸವರಿ, ಗುಂಡಿ ತಿರುಗಿಸುತ್ತಾನೆ. ಬೇರೆ ಯಾರೂ ಮುಟ್ಟುವಂತಿಲ್ಲ. ಒಮ್ಮೆ ತಂಗಿಯ ಮಗ ಗುಂಡಿಗೆ ಕೈ ಹಾಕಿದನೆಂದು ಆ ಮನೆಯವರ ಹೊಸಿಲನ್ನೇ ಎರಡು ವರ್ಷ ತುಳಿಯಲಿಲ್ಲ. ಅಂಥ ಮನುಷ್ಯ.

ಆ ಮೂರು ಗೆರೆಗಳಲ್ಲಿ ಈಗ ಮೂರನೆಯದೊಂದೇ ಉಳಿದಿತ್ತು. ಉಳಿದೆರಡನ್ನು ತೈಲ ನುಂಗಿಹಾಕಿತ್ತು.

ಭೋಜನ್ ಲೆಕ್ಕ ಹಾಕಿದ. ಕೊನೆಯ ಅನುಕೂಲದ ಬಸ್ಸು ನಾಲ್ಕಕ್ಕೆ. ಅರಿ ಬರುವುದು ಆರೂವರೆ ಸುಮಾರಿಗೆ. ಕೈಯಲ್ಲಿರುವುದು ಆರು ಗಂಟೆ. ಯಾರಾದರೂ ಕೇಳಿದರೆ, ಸೋಮವಾರದ ಶಾಸ್ತ್ರಕ್ಕೆ ಉಡುಗೊರೆಯೆಂದು ನಾನೇ ಒಯ್ದು ಸರ್ವೀಸ್ ಮಾಡಿ ತಂದೆ ಎಂದುಬಿಡುವುದು. ಬೈದರೆ ಅರಿ ಬೈಯಲಿ, ನನ್ನನ್ನು ಒಂದು ಗಂಟೆ ಬೈದಾನು. ಮಗಳ ಮೇಲೆ ಜೀವನಪೂರ್ತಿ ಹಗೆ ಸಾಧಿಸುವುದಕ್ಕಿಂತ ಅದು ಮೇಲು. ಹೀಗೆಂದು ಮಗಳಿಗೆ ಹೇಳಿ, ಅವಳನ್ನು ಗೋಡೆಗೊರಗಿಸಿ ಕೂರಿಸಿ, ಬಾಗಿಲು ಅರ್ಧ ಎಳೆದು ಕೆಲಸಕ್ಕೆ ಕೂತ.

ಹಿಂದಿನಿಂದ ಕೊಂಡಿಗಳನ್ನು ಬಿಡಿಸಿ ಚೌಕಟ್ಟನ್ನು ಕಳಚಿದ. ಮೊದಲು ತಣ್ಣೀರು, ಸಾಬೂನು. ತೈಲ ಒಳಗೆ ಉಳಿದಷ್ಟು ಹೊತ್ತೂ ಪ್ಲಾಸ್ಟಿಕ್ ಮೆತ್ತಗೇ ಇರುತ್ತದೆ, ಮೆತ್ತಗಿದ್ದಾಗ ಉಪ್ಪುಕಾಗದ ಹಾಕಿ ಉಜ್ಜಿದರೆ ಇನ್ನಷ್ಟು ರಾಡಿ. ತೊಳೆದು, ಒರೆಸಿ, ಮತ್ತೆ ತೊಳೆದ. ಹೊರಗೆ ಮಂಜು ಕವಿದು ಬಿಸಿಲಿನ ಸುಳಿವೇ ಇರಲಿಲ್ಲ. ಇದ್ದಿಲ ಒಲೆಯ ಹತ್ತಿರ ಹಿಡಿದರೆ ಬೇಗ ಒಣಗೀತು, ಆದರೆ ಒಂದು ನಿಮಿಷ ಹೆಚ್ಚಾದರೆ ಚೌಕಟ್ಟು ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಅವನು ಚೌಕಟ್ಟಿಗೂ ಒಲೆಗೂ ನಡುವೆ ತನ್ನ ಅಂಗೈ ಇಟ್ಟುಕೊಂಡು ಕೂತ. ಅಂಗೈಗೆ ತಡೆಯದ ಬಿಸಿ ಪ್ಲಾಸ್ಟಿಕ್ಕಿಗೂ ತಡೆಯದು, ಅದೇ ಅವನ ಥರ್ಮಾಮೀಟರು. ಹನ್ನೊಂದೂವರೆಗೆ ಉಗುರು ಒತ್ತಿ ನೋಡಿದ. ಗುರುತು ಬೀಳಲಿಲ್ಲ.

ಆಮೇಲೆ ಬ್ಲೇಡು. ಬಿರುಕು ಬಿಟ್ಟ ಪದರವನ್ನು ಉಸಿರು ಬಿಗಿಹಿಡಿದು ಹೆರೆದ. ನೀರಿನಲ್ಲಿ ನೆನೆಸಿದ ಉಪ್ಪುಕಾಗದದಿಂದ ಉಜ್ಜಿದ, ಅದಕ್ಕಿಂತ ನಯವಾದದ್ದರಿಂದ ಮತ್ತೆ ಉಜ್ಜಿದ. ಒಂದು ಬೆರಳಿನ ಗುಳಿ ಹೋಯಿತು, ಎರಡನೆಯದು ಹೋಯಿತು, ಮೂರನೆಯದೂ ಹೋಯಿತು. ನಾಲ್ಕನೆಯದು ಕಿರುಬೆರಳಿನದು, ಎಲ್ಲಕ್ಕಿಂತ ಆಳ. ಅದು ಉಳಿದಿದ್ದ ಗೆರೆಗೆ ಅಂಟಿಕೊಂಡೇ ಇತ್ತು. ಗುಳಿ ತೆಗೆಯಲು ಹೋದರೆ ಗೆರೆಯೂ ಹೋಗುತ್ತದೆ. ಭೋಜನ್ ಕಾಗದ ಹಿಡಿದ ಕೈಯನ್ನು ಎರಡು ಸಲ ಅಲ್ಲಿಗೆ ಒಯ್ದು ಎರಡು ಸಲ ಹಿಂದೆ ತಂದ. ಕೊನೆಗೆ ಅಲ್ಲಿಗೆ ಬಿಟ್ಟ. ಇದೊಂದು ಯಾರಿಗೂ ಕಾಣದು ಎಂದು ಮಗಳಿಗೆ ಹೇಳಿದ, ಹೆಚ್ಚಾಗಿ ತನಗೇ ಹೇಳಿಕೊಂಡ.

ಮೂಲೆ ಕಟ್ಟುವುದು ಅವನಿಗೆ ನೀರು ಕುಡಿದಷ್ಟು ಸುಲಭ, ಹೊತ್ತು ಇದ್ದರೆ. ತೈಲದಲ್ಲಿ ಕರಗಿಸಿದ ಪ್ಲಾಸ್ಟಿಕ್ ಗಟ್ಟಿಯಾಗಲು ಎರಡು ದಿನ ಬೇಕು. ಔಷಧಿ ಅಂಗಡಿಯ ಕಾಂಪೌಂಡರನ ಕೈಕಾಲು ಹಿಡಿದು ಬೆರಳಷ್ಟು ಕ್ಲೋರೋಫಾರಂ ತಂದ. ಬಿಸ್ಕತ್ತಿನ ಡಬ್ಬಿಯಿಂದ ಅದೇ ಹಳದಿ ಕಟ್ಟಿದ ಹಳೆಯ ಚೂರನ್ನು ಹುಡುಕಿ ತೆಗೆದು, ಹೆರೆದು, ಅದರಲ್ಲಿ ಕಲಸಿ, ಪದರ ಪದರವಾಗಿ ಮೂಲೆಗೆ ಮೆತ್ತಿದ. ವಾಸನೆಗೆ ಮಗಳಿಗೆ ತಲೆ ತಿರುಗಿತು. ಅವಳನ್ನು ಹೊರಗಿನ ಮೆಟ್ಟಿಲಿಗೆ ಕಳಿಸಿ, ತಾನು ಮೂಗಿಗೆ ಟವಲು ಕಟ್ಟಿಕೊಂಡ. ಒಂದೂವರೆಗೆ ಮೂಲೆ ನಿಂತಿತು. ಹಲ್ಲುಪುಡಿಯನ್ನು ಒದ್ದೆ ಬಟ್ಟೆಗೆ ಹಚ್ಚಿ ಉಜ್ಜಿದಾಗ ಹೊಳಪೂ ಬಂತು. ಆಗ ಉಳಿದದ್ದು ಗೆರೆ.

ಚೌಕಟ್ಟನ್ನು ಪೆಟ್ಟಿಗೆಗೆ ಸೇರಿಸಿ, ಕರೆಂಟು ಕೊಟ್ಟು, ಬೆಂಗಳೂರು ಹಿಡಿದು ನೋಡಿದ. ಸ್ಟೇಷನ್ ಸಿಕ್ಕಿತು, ಆದರೆ ಮುಳ್ಳು ಉಳಿದಿದ್ದ ಗೆರೆಯ ನೇರಕ್ಕೆ ಇರಲಿಲ್ಲ. ಅರ್ಧ ಬೆರಳಿನಷ್ಟು ಈಚೆಗಿತ್ತು. ಒಳಗೆ ಇಣುಕಿದ. ಮುಳ್ಳನ್ನು ಎಳೆಯುವ ದಾರ ಸಡಿಲಾಗಿ ಗಾಲಿಯ ಮೇಲೆ ಜಾರಿತ್ತು. ಅಯ್ಯೋ, ಇಷ್ಟು ದಿನ ಮುದುಕ ಸ್ಟೇಷನ್ನಿಗಾಗಿ ತಡಕಾಡುತ್ತಿದ್ದನಲ್ಲ ಎಂದು ಕನಿಕರವಾಯಿತು. ಕಸುಬಿನವನ ಕೈ, ಸುಮ್ಮನಿರುತ್ತದೆಯೇ? ದಾರ ಬಿಗಿದ. ಈಗ ಮುಳ್ಳು ಮೂರನೆಯ ಗೆರೆಯ ನೇರಕ್ಕೆ ಬಂದು ನಿಂತಿತು, ಬೆಂಗಳೂರು ಗಂಟೆ ಬಾರಿಸಿದ ಹಾಗೆ ಕೇಳಿತು.

ಸೂಜಿ ಕೈಗೆ ತೆಗೆದುಕೊಂಡು ಅವನು ಆ ಒಂದು ಗೆರೆಯನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ. ಮೇಲೆ ಆಳವಾಗಿ ಶುರುವಾಗಿ, ಕೆಳಗೆ ಬರುತ್ತ ತೆಳ್ಳಗಾಗಿ, ಬಲಕ್ಕೆ ವಾಲಿ ಮುಗಿದಿತ್ತು. ಬಲಗೈಯವರು ಎಳೆದ ಗೆರೆ ಹಾಗೆ ವಾಲುವುದಿಲ್ಲ. ನಿನ್ನ ಭಾವ ಎಡಚನೇ ಎಂದು ಮಗಳನ್ನು ಕೇಳಿದ. ಹೌದು, ಹಾಗೆಂದು ಗಂಡ ಹೇಳುತ್ತಿರುತ್ತಾನೆ ಎಂದಳು ಅವಳು. ಭೋಜನ್ ಸೂಜಿಯನ್ನು ಎಡಗೈಗೆ ಬದಲಾಯಿಸಿದ. ಹಳೆಯ ಚೂರಿನ ಮೇಲೆ ಇಪ್ಪತ್ತು ಗೆರೆ ಎಳೆದು ಕೈ ಪಳಗಿಸಿದ. ತಿರುಚ್ಚಿ ಹಿಡಿದು ಒಂದು, ಮದ್ರಾಸು ಹಿಡಿದು ಇನ್ನೊಂದು. ಸತ್ತವನ ಕೈಯನ್ನು ತಾನು ಕದಿಯುತ್ತಿದ್ದೇನೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎಳೆದ. ತುಪ್ಪದಲ್ಲಿ ಕಲಸಿದ ಮಸಿಯನ್ನು ಗೆರೆಗೆ ತಿಕ್ಕಿ ಒರೆಸಿದ ಮೇಲೆ ಮೂರೂ ಒಂದೇ ಕೈಯವು, ಒಂದೇ ವಯಸ್ಸಿನವು. ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು.

ಅಪ್ಪ ಮಗಳು ನಾಲ್ಕರ ಬಸ್ಸು ಹಿಡಿದರು. ನಂಜನಾಡಿನ ಹತ್ತಿರ ಕೋಸಿನ ಮೂಟೆ ಹೇರಲು ಬಸ್ಸು ಕಾಲು ಗಂಟೆ ನಿಂತಾಗ ಭೋಜನ್‌ಗೆ ಕಂಡಕ್ಟರನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು. ಇತ್ತಲಾರಿನ ಮನೆಗೆ ಬಂದು, ರೇಡಿಯೋವನ್ನು ಗೂಡಿನಲ್ಲಿಟ್ಟು, ಕಸೂತಿಯ ಬಟ್ಟೆ ಮುಚ್ಚಿ ತಿರುಗಿದರೆ ತವರಿನಿಂದ ಆಗಷ್ಟೇ ಬಂದ ಮಾತಿ ಅಂಗಳದಲ್ಲಿದ್ದಳು. ಬೀಗರು ಬಂದದ್ದಕ್ಕೆ ಅವಳಿಗೆ ಆಶ್ಚರ್ಯ. ಸೋಮವಾರದ ಮಾತಾಡಲು ಬಂದೆ ಎಂದ ಭೋಜನ್. ಅದೂ ಒಂದು ಸುಳ್ಳೇ. ಆರೂವರೆಗೆ ಅರಿ ಬಂದ. ರಾಜೇಂದ್ರನ್ ಫ್ಯಾಕ್ಟರಿಯಿಂದ ಬಂದು ಹೆಂಡತಿಯ ಮುಖ ನೋಡಿದ, ಮಾವನ ಮುಖ ನೋಡಿದ, ಮೂಲೆಯಲ್ಲಿ ಕೂತ. ಮಾತಿ ಎಲ್ಲರಿಗೂ ಟೀ ಕೊಟ್ಟಳು. ಮಂಡಿಯಲ್ಲಿ ಆಲೂಗಡ್ಡೆ ಹೇಗೆ ಹೋಯಿತೆಂದು ಅರಿ ಹೇಳುತ್ತಲೇ ಇದ್ದ, ಭೋಜನ್‌ಗೆ ಒಂದು ಮಾತೂ ತಲೆಗೆ ಹೋಗಲಿಲ್ಲ.

ಏಳೂಕಾಲಿಗೆ ಅರಿ ಕೈ ತೊಳೆದುಕೊಂಡು ಬಂದು ಬಟ್ಟೆ ಸರಿಸಿದ. ಮನೆಯಲ್ಲಿ ಬುಡ್ಡಿ ಬಲ್ಬಿನ ಮಂದ ಬೆಳಕು. ಚೌಕಟ್ಟು ಬೆಳ್ಳಗಾದದ್ದು ಅವನಿಗೆ ಕಂಡಂತೆ ತೋರಲಿಲ್ಲ. ಎಡ ಹೆಬ್ಬೆರಳಿನಿಂದ ಅಂಚನ್ನು ಸವರುತ್ತ ಮೊದಲ ಗೆರೆಯಲ್ಲಿ ನಿಲ್ಲಿಸಿದ. ಇನ್ನೊಂದು ಕೈ ಗುಂಡಿ ತಿರುಗಿಸಿತು. ಮುಳ್ಳು ಗೆರೆಯ ನೇರಕ್ಕೆ ಬಂತು. ತಿರುಚ್ಚಿಯ ವಾರ್ತೆ ಕನ್ನಡಿಯಷ್ಟು ಸ್ವಚ್ಛವಾಗಿ ಮನೆ ತುಂಬಿತು. ಭೋಜನ್ ಆರಿಹೋಗಿದ್ದ ಟೀಯನ್ನು ಆಗ ಬಾಯಿಗಿಟ್ಟ.

ಅರಿ ರೇಡಿಯೋ ಆರಿಸಿದ.

“ಇದಕ್ಕೆ ಯಾರು ಕೈ ಹಾಕಿದ್ದು?” ಎಂದ. ದನಿ ಏರಿರಲಿಲ್ಲ.

ಭೋಜನ್ ಕಲಿತ ಪಾಠ ಒಪ್ಪಿಸಿದ. ಶಾಸ್ತ್ರಕ್ಕೆಂದು ತಾನೇ ಸರ್ವೀಸ್ ಮಾಡಿದ್ದು, ಒಳಗೆ ದಾರ ಜಾರಿತ್ತು, ಬಿಗಿದಿದ್ದೇನೆ, ಇನ್ನು ಅರಿಯಣ್ಣನಿಗೆ ಸ್ಟೇಷನ್ ಹುಡುಕುವ ತೊಂದರೆ ಇಲ್ಲ ಎಂದ. ಹೇಳುತ್ತ ಹೇಳುತ್ತ ಅವನ ದನಿ ಅವನಿಗೇ ಬೇರೆಯವರದೆಂಬಂತೆ ಕೇಳುತ್ತಿತ್ತು.

ಅರಿ ತಲೆಯಾಡಿಸಿದ. ಆಮೇಲೆ ಪೆಟ್ಟಿಗೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದ.

“ನಂಜುಂಡ ಹೋದ ತಂತಿ ಬಂದ ದಿವಸ ನಾ ಈ ಗುಂಡಿಯ ತಿರುಪಿದೆ, ತಿರುಪಿದೆ. ಸುಳ್ಳು ಅಂತ ಯಾವ ಸ್ಟೇಷನ್ನಾದರೂ ಹೇಳೀತು ಅಂತ. ಒಳಗೆ ಏನೋ ಜಾರಿತು. ಅಂದಿಂದ ಎನ್ನ ಮಗ ಹಾಕಿದ ಗೆರೆಯಲ್ಲಿ ಯಾವ ಸ್ಟೇಷನ್ನೂ ಬರೋದಿಲ್ಲೆ. ಬರೀ ಸೊಂಯ್ ಅನ್ನುತ್ತೆ. ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ನಾ ಅಲ್ಲೇ ಇರ್ತೆ. ಆಮೇಲೆ ವಾರ್ತೆ ಹುಡುಕಿಕೊಳ್ತೆ. ಅದ ನೀ ರಿಪೇರಿ ಮಾಡಿಬಿಟ್ಟೆ ಭೋಜಾ.”

ಭೋಜನ್‌ಗೆ ನೆಲ ಬಿರಿಯಬಾರದೇ ಅನ್ನಿಸಿತು. ಅರ್ಧ ಬೆರಳಿನಷ್ಟು ದಾರ. ಅದನ್ನು ಅವನು ಮಂಡೆಯ ಮೇಲಿನ ಧೂಳು ಕೊಡವಿದಷ್ಟು ಸಲೀಸಾಗಿ ಸರಿಪಡಿಸಿದ್ದ, ಕನಿಕರದಿಂದ ಸರಿಪಡಿಸಿದ್ದ.

ಅರಿ ಮತ್ತೆ ಹೆಬ್ಬೆರಳನ್ನು ಅಂಚಿಗೆ ತಂದ. ಮೊದಲ ಗೆರೆ ಸವರಿದ, ಎರಡನೆಯದನ್ನು ಸವರಿದ. ಉಗುರಿನಿಂದ ಮೆಲ್ಲಗೆ ಕೆರೆದ. ಉಗುರಿನ ತುದಿಗೆ ಮಸಿ ಬಂತು. ಅದನ್ನು ನೋಡಿ ಪಂಚೆಗೆ ಒರೆಸಿಕೊಂಡ. ಮೂರನೆಯ ಗೆರೆಗೆ ಬಂದ. ಅಲ್ಲಿ ಬೆರಳು ಸ್ವಲ್ಪ ಮುಂದಕ್ಕೆ ಜಾರಿ ಒಂದು ಗುಳಿಯೊಳಗೆ ಇಳಿಯಿತು.

“ಇದು ಯಾರದು?”

ಭೋಜನ್ ಬಾಯಿ ತೆರೆದ. ನನ್ನದು, ರಿಪೇರಿ ಮಾಡುವಾಗ ಆಯಿತು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಗೋಡೆಯ ಕಡೆಯಿಂದ ದನಿ ಬಂತು.

“ಎನ್ನ ಬೆರಳು, ಮಾವ.”

ವಸಂತಾಮಣಿ ಎದ್ದು ನಿಂತಿದ್ದಳು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಎಲ್ಲವನ್ನೂ ಹೇಳಿದಳು, ತೈಲ ಸುರಿದದ್ದು, ಬೆರಳು ಇಳಿದದ್ದು, ಮೂಲೆ ಮುರಿದದ್ದು, ಎರಡು ಗೆರೆ ಹೋದದ್ದು. ಗಂಡನ ಹೆಸರನ್ನು ಎತ್ತಲಿಲ್ಲ. ಅಪ್ಪನ ಮೇಲೂ ಹಾಕಲಿಲ್ಲ. ಆಗ ಭೋಜನ್‌ಗೆ ತಡೆಯಲಾಗಲಿಲ್ಲ. ತೈಲ ಹಾಕಿ ಒರೆಸಿ ಎಂದು ಊರಿಗೆಲ್ಲ ಹೇಳಿದವನು ನಾನು, ಅದು ಪ್ಲಾಸ್ಟಿಕ್ಕನ್ನು ತಿನ್ನುತ್ತದೆಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನೂ ನಾನೇ, ಮಗಳ ಕೈಯಲ್ಲಿ ಮಾಡಿಸಿದವನು ನಾನು ಎಂದ. ಆ ಎರಡು ಗೆರೆ ಎಡಗೈಯಲ್ಲಿ ಎಳೆದದ್ದನ್ನೂ ಹೇಳಿಬಿಟ್ಟ. ಹೇಳುವಾಗ ಅತ್ತ.

ಮಾತಿ ಏನೋ ಹೇಳಲು ಹೊರಟಳು. ಅರಿ ಅವಳ ಕಡೆ ನೋಡದೆಯೇ ಕೈ ಎತ್ತಿ ತಡೆದ. ಮಗಳು ಇಂದೇ ತನ್ನ ಜೊತೆ ಹಿಂದಿರುಗುತ್ತಾಳೆಂದು ಭೋಜನ್ ನಿಶ್ಚಯಿಸಿಕೊಂಡ. ಬಸ್ಸು ಇರುವುದಿಲ್ಲ, ಊಟಿಯವರೆಗೆ ಈ ಸ್ಥಿತಿಯಲ್ಲಿ ಹೇಗೆ ನಡೆಸಿಕೊಂಡು ಹೋಗಲಿ ಎಂದೂ ಯೋಚಿಸಿದ.

ಅರಿ ಬಹಳ ಹೊತ್ತು ಹೆಬ್ಬೆರಳನ್ನು ಆ ಗುಳಿಯಿಂದ ತೆಗೆಯಲಿಲ್ಲ.

“ಇದು ಇರಲಿ” ಎಂದ ಕೊನೆಗೆ. “ಇದು ನಿಜದ್ದು. ನೀ ಹಾಕಿದ ಎರಡು ಇದೆಯಲ್ಲ ಭೋಜಾ, ಅದ ಅಳಿಸು. ದಾರವನ್ನ ಮೊದಲು ಇದ್ದ ಹಾಗೇ ಮಾಡು.”

ಭೋಜನ್ ಜೇಬಿನಿಂದ ಉಪ್ಪುಕಾಗದದ ಚೂರು ತೆಗೆದ. ರಾಜೇಂದ್ರನ್ ದೀಪ ಹತ್ತಿರ ಹಿಡಿದ. ಹಿಂದಿನ ಹಲಗೆ ಬಿಚ್ಚಿ ದಾರವನ್ನು ಗಾಲಿಯ ಮೇಲೆ ಅರ್ಧ ಬೆರಳಿನಷ್ಟು ಜಾರಿಸಿದ. ಆಮೇಲೆ ತನ್ನ ಎರಡು ಗೆರೆಗಳ ಮೇಲೆ ಎಂಜಲು ಹಚ್ಚಿ ಉಜ್ಜತೊಡಗಿದ. ಜೀವನದಲ್ಲಿ ಅಷ್ಟು ಸೊಗಸಾದ ಕೆಲಸ ಅವನು ಮಾಡಿರಲಿಲ್ಲ, ಅದನ್ನು ತಾನೇ ಅಳಿಸುತ್ತಿದ್ದ. ಮೂರನೆಯ ಗೆರೆಗೆ ತಾಗದಂತೆ ಅದರ ಮೇಲೆ ಅರಿ ತನ್ನ ಹೆಬ್ಬೆರಳನ್ನು ಅಡ್ಡ ಇಟ್ಟುಕೊಂಡೇ ಇದ್ದ.

ಅಂಚು ಬೋಳಾದ ಮೇಲೆ ಅರಿ ಸವರಿ ನೋಡಿದ. ಸೊಸೆಗೆ ಕೂತುಕೋ ಎಂದು ಸನ್ನೆ ಮಾಡಿದ. ಭೋಜನ್ ಕಡೆ ತಿರುಗಿದ.

“ಸೋಮವಾರ ಎಂಟು ಗಂಟೆಯೊಳಗೆ ಬಾ. ಎನ್ನ ಮಗ ಕಣ್ಣಿ ಹಾಕಲೇ ಅಂತ ಕೇಳಿದಾಗ ಹಾಕು ಅಂತ ಗಟ್ಟಿಯಾಗಿ ಹೇಳಬೇಕು. ಇಂದಿನ ಹಾಗೆ ತೊದಲಬಾರದು.”

ಭೋಜನ್ ಆಗಲೆಂದು ತಲೆಯಾಡಿಸಿದ. ವಸಂತಾಮಣಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಮಾತಿ ಎದ್ದು ಹೋಗಿ ಅವಳಿಗೆ ಒಂದು ಲೋಟ ಹಾಲು ತಂದು ಪಕ್ಕದಲ್ಲಿಟ್ಟಳು. ವಾರ್ತೆಯ ಹೊತ್ತು ಆಗಲೇ ಮೀರಿತ್ತು. ಅರಿ ಗುಂಡಿ ತಿರುಗಿಸಿ ಮುಳ್ಳನ್ನು ಉಳಿದ ಒಂದು ಗೆರೆಯ ನೇರಕ್ಕೆ ತಂದು ನಿಲ್ಲಿಸಿದ. ರೇಡಿಯೋ ಸೊಂಯ್ ಎನ್ನತೊಡಗಿತು. ಯಾರೂ ಏಳಲಿಲ್ಲ. ಅರಿಯ ಹೆಬ್ಬೆರಳು ಸೊಸೆಯ ಬೆರಳಿನ ಗುಳಿಯೊಳಗೆ ಇತ್ತು.